ಯಂತ್ರಕ್ಕಿಟ್ಟ ಬನ್ನು

ಏಳನೇ ನಂಬರಿನ ತೊಟ್ಟಿಯ ನೆತ್ತಿಗೆ ಎಂಬತ್ತನಾಲ್ಕು ಮೆಟ್ಟಿಲು. ಬೋಡಿಲ್ ದಿನಕ್ಕೆ ಆರು ಸಲ ಹತ್ತುತ್ತಿದ್ದಳು, ಆರು ಸಲ ಇಳಿಯುತ್ತಿದ್ದಳು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಎಡ ಮಂಡಿ ಹೋಗಿ ಎರಡು ವರ್ಷವಾಗಿತ್ತು, ಬಲದ್ದೂ ಅದೇ ದಾರಿ ಹಿಡಿದಿತ್ತು. ತೊಟ್ಟಿ ತೊಳೆಯುವ ಕ್ಷಾರದ ನೀರು ಎಂಥ ಕೈಗವಸು ಹಾಕಿದರೂ ಹೇಗೋ ಒಳಗೆ ನುಗ್ಗುತ್ತಿತ್ತು. ಚಳಿಗಾಲದಲ್ಲಿ ಬೆರಳ ಸಂದುಗಳು ಬಿರಿದು, ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಗುತ್ತಿತ್ತು.

ಆ ತೊಟ್ಟಿಯಲ್ಲಿ ಯೀಸ್ಟ್ ಸಕ್ಕರೆ ತಿಂದು ಗುಲಾಬಿ ಅತ್ತರು ಮಾಡುತ್ತಿತ್ತು. ಡೆನ್ಮಾರ್ಕಿನ ಲಿಮ್‌ಫ್ಯೋರ್ಡ್ ಜಲಸಂಧಿಯ ದಡದ ಆ ಕಾರ್ಖಾನೆಯೊಳಗೆ ಒಂದೇ ಒಂದು ಗುಲಾಬಿ ಹೂವು ಕಾಲಿಟ್ಟದ್ದಿಲ್ಲ. ಆದರೂ ಪ್ಯಾರಿಸ್ಸಿನ ಶ್ರೀಮಂತ ಹೆಂಗಸರು ಕಿವಿಯ ಹಿಂದೆ ಹಚ್ಚಿಕೊಳ್ಳುವ ಹನಿ ಇಲ್ಲಿಂದಲೇ ಹೋಗುತ್ತಿತ್ತು. ಬೋಡಿಲ್‌ಳ ಕೂದಲಿಗೆ ಮಾತ್ರ ಹುಳಿ ಹಿಟ್ಟಿನ ವಾಸನೆ.

ಕಾರ್ಖಾನೆಯ ಮುಖ್ಯಸ್ಥ ಪ್ರೆಬೆನ್. ಅವನನ್ನು ಎಲ್ಲರೂ ಪ್ರೆಬೆನ್ ಎಂದೇ ಕರೆಯಬೇಕು, ನೀನು ಎಂದೇ ಮಾತಾಡಿಸಬೇಕು. ಡೆನ್ಮಾರ್ಕಿನಲ್ಲಿ ಅದೇ ವಾಡಿಕೆ. ಇಲ್ಲಿ ಯಾರೂ ಯಾರಿಗೂ ಯಜಮಾನರಲ್ಲ. ಕೆಲಸದಿಂದ ತೆಗೆಯುವಾಗಲೂ ಬಹಳ ಆತ್ಮೀಯವಾಗಿ ನೀನು ಎಂದೇ ತೆಗೆಯುತ್ತಾರೆ.

ಪ್ರೆಬೆನ್ ವಿಜ್ಞಾನಿಯೂ ಹೌದು. ವರ್ಷಕ್ಕೊಮ್ಮೆ ಕೆಲಸಗಾರರನ್ನೆಲ್ಲ ಕೂರಿಸಿಕೊಂಡು ತನ್ನ ಯೀಸ್ಟಿನ ಕಥೆ ಹೇಳುತ್ತಿದ್ದ. ಯೀಸ್ಟ್ ಹುಟ್ಟಾ ಸ್ವಾರ್ಥಿಯಂತೆ. ಸಕ್ಕರೆ ಕೊಟ್ಟರೆ ತಿಂದು, ದಪ್ಪಗಾಗಿ, ಮರಿ ಹಾಕುತ್ತಾ ಕಾಲ ಕಳೆಯುತ್ತದಂತೆ. ಅದರ ಜೀನುಗಳಲ್ಲಿ ತನಗಾಗಿ ಬದುಕುವ ದಾರಿಗಳನ್ನೆಲ್ಲ ಅವನು ಒಂದೊಂದಾಗಿ ಕತ್ತರಿಸಿದ್ದ, ಗುಲಾಬಿ ಮಾಡುವ ದಾರಿಯೊಂದನ್ನು ಹೊಸದಾಗಿ ಹೊಲಿದಿದ್ದ. ಈಗ ತಿಂದ ತುತ್ತೆಲ್ಲ ಕಂಪನಿಗೆ. ಇದಕ್ಕಾಗಿ ಅವನಿಗೆ ರಾಜಧಾನಿಯಲ್ಲಿ ಪದಕ ಕೊಟ್ಟಿದ್ದರು. ಕಥೆ ಮುಗಿದ ಮೇಲೆ, ಕಾರ್ಖಾನೆಯನ್ನೂ ಅದೇ ರೀತಿ ನೋಡಬೇಕು, ಬೇಡದ್ದನ್ನು ಕತ್ತರಿಸಬೇಕು ಎನ್ನುತ್ತಿದ್ದ. ಕೆಲಸಗಾರರು ತಾವು ಕೂತ ಕುರ್ಚಿಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಮೊದಲು ಕತ್ತರಿಸಿದ್ದು ಶುಕ್ರವಾರದ ಬನ್ನನ್ನು. ಶುಕ್ರವಾರ ಬೆಳಿಗ್ಗೆ ಕಂಪನಿಯ ಊಟದ ಕೋಣೆಯಲ್ಲಿ ಎಲ್ಲರೂ ಕೂಡಿ ಬಿಸಿ ಬನ್ನು, ಬೆಣ್ಣೆ, ಗಿಣ್ಣು ತಿನ್ನುವುದು ಅಪ್ಪಂದಿರ ಕಾಲದಿಂದ ಬಂದ ಪದ್ಧತಿ. ಅದು ದಂಡದ ಖರ್ಚು ಎಂದ ಪ್ರೆಬೆನ್. ಕೆಲಸಗಾರರು ಜಗಳ ಮಾಡಲಿಲ್ಲ. ವಾರಕ್ಕೊಬ್ಬರಂತೆ ಮನೆಯಲ್ಲೇ ಬನ್ನು ಸುಟ್ಟು, ಬಟ್ಟೆಯಲ್ಲಿ ಸುತ್ತಿ, ಏಳನೇ ತೊಟ್ಟಿಯ ನೆತ್ತಿಗೆ ಹೊತ್ತು ತಂದರು. ಅಲ್ಲಿ ಬೆಚ್ಚಗಿರುತ್ತಿತ್ತು. ತೊಟ್ಟಿಯ ಉಸಿರು ಹೊರಬರುವ ಕೊಳವೆಯ ಪಕ್ಕದಲ್ಲೇ ಹಲಗೆಯೊಂದನ್ನು ಹಾಕಿ ಮೇಜು ಮಾಡಿಕೊಂಡರು. ನಿಯಮದ ಪ್ರಕಾರ ಅದು ತಪ್ಪು. ಆದರೆ ನಿಯಮ ಬರೆದವರು ಅಷ್ಟು ಮೆಟ್ಟಿಲು ಹತ್ತಿ ಬರುವ ಪೈಕಿ ಅಲ್ಲ.

ಆ ಕೊಳವೆಯ ಬಾಯಿಯೇ ಬೋಡಿಲ್‌ಳ ನಿಜವಾದ ಕೆಲಸದ ಜಾಗ. ಸೋಮವಾರ ತೊಟ್ಟಿ ತುಂಬಿದರೆ ನಾಲ್ಕು ದಿನ ಅದು ಗುಲಾಬಿಯ ಉಸಿರು ಬಿಡುತ್ತಿತ್ತು. ಐದನೇ ದಿನದ ಹೊತ್ತಿಗೆ ಗುಲಾಬಿಯ ಅಡಿಯಲ್ಲಿ ತೆಳ್ಳಗೆ ಇನ್ನೊಂದು ವಾಸನೆ, ಹುದುಗಿದ ರೊಟ್ಟಿ ಹಿಟ್ಟಿನದು. ಅದು ಬಂತೆಂದರೆ, ಕೆಲವು ಯೀಸ್ಟುಗಳು ಪ್ರೆಬೆನ್ ಹೊಲಿದ ಹೊಲಿಗೆ ಬಿಚ್ಚಿಕೊಂಡು, ಅತ್ತರಿನ ಕೆಲಸ ಬಿಟ್ಟು, ತಮಗಾಗಿ ತಿನ್ನಲು ಶುರುಮಾಡಿವೆ ಎಂದರ್ಥ. ಅಂಥವು ಬೇಗ ಬೆಳೆಯುತ್ತಿದ್ದವು. ಎರಡು ದಿನ ಬಿಟ್ಟರೆ ತೊಟ್ಟಿಯೆಲ್ಲ ಅವುಗಳದೇ ರಾಜ್ಯವಾಗಿ, ಮಾಡಿಟ್ಟ ಅತ್ತರೂ ಕೆಡುತ್ತಿತ್ತು. ಪ್ರಯೋಗಶಾಲೆಯವರು ಅವನ್ನು ಮೋಸಗಾರರು ಎನ್ನುತ್ತಿದ್ದರು. ಬೋಡಿಲ್ ಏನೂ ಅನ್ನುತ್ತಿರಲಿಲ್ಲ. ವಾಸನೆ ಹಿಡಿದ ಕೂಡಲೇ ಕೆಳಗೆ ಕೂಗಿ ಹೇಳಿ ತೊಟ್ಟಿ ಬರಿದು ಮಾಡಿಸುತ್ತಿದ್ದಳು. ಕಂಪನಿಯ ಕೈಪಿಡಿಯಲ್ಲಿ ಏಳು ದಿನ ಎಂದು ಬರೆದಿತ್ತು. ಅವಳ ಮೂಗಿನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಆ ಮೂಗಿನ ಸುದ್ದಿ ಕೊನೆಗೊಮ್ಮೆ ಪ್ರೆಬೆನ್‌ಗೆ ಮುಟ್ಟಿತು. ಮುಟ್ಟಿದ ತಿಂಗಳಲ್ಲೇ ಯಂತ್ರದ ಮೂಗೊಂದು ಬಂತು. ಕೊಳವೆಯ ಬಾಯಿಯ ಹತ್ತಿರ ಅದನ್ನು ಕೂರಿಸಿದರು. ಬೋಡಿಲ್ ಮೂರು ತಿಂಗಳು ಅದಕ್ಕೆ ಪಾಠ ಹೇಳಬೇಕು. ಗುಲಾಬಿ ಇದ್ದರೆ ಹಸಿರು ಗುಂಡಿ, ಹಿಟ್ಟಿನ ವಾಸನೆ ಬಂದರೆ ಕೆಂಪು ಗುಂಡಿ. ಒಂದು ಕಾಗದಕ್ಕೆ ಸಹಿಯನ್ನೂ ಹಾಕಿಸಿಕೊಂಡರು: ವಾಸನೆಯ ಬಗ್ಗೆ ಅವಳಿಗೆ ಗೊತ್ತಿರುವುದೆಲ್ಲ ಇನ್ನು ಮೇಲೆ ಕಂಪನಿಯ ಸ್ವತ್ತು.

ಕಾರ್ಮಿಕರ ಪ್ರತಿನಿಧಿ ಎಸ್ಕಿಲ್‌ಗೆ ಆ ಕಾಗದ ಸರಿಕಾಣಲಿಲ್ಲ.

"ಸಹಿ ಹಾಕ್ಬೇಡ ಕಣೇ. ಕೊಡಲಿಗೆ ನೀನೇ ಕಾವು ಕೊಟ್ಟ ಹಾಗಾಗುತ್ತೆ."

"ಹಾಕದೆ ಇದ್ರೆ ನಾಳೆನೇ ಕಳಿಸ್ತಾನೆ. ಹಾಕಿದ್ರೆ ಮೂರು ತಿಂಗಳಾದ್ರೂ ಸಿಗುತ್ತೆ. ಅರವತ್ತು ವರ್ಷದ ಮುದುಕಿಗೆ, ಈ ಮಂಡಿ ಇಟ್ಕೊಂಡು, ಬೇರೆ ಯಾರಪ್ಪ ಕೆಲಸ ಕೊಡ್ತಾರೆ? ಪಿಂಚಣಿಗೆ ಇನ್ನೂ ಏಳು ವರ್ಷ ಇದೆ."

ಹದಿಮೂರು ವಾರ ಅವಳು ಪ್ರಾಮಾಣಿಕವಾಗಿ ಗುಂಡಿ ಒತ್ತಿದಳು. ಸೋಮವಾರದಿಂದ ಗುರುವಾರದವರೆಗೆ ಹಸಿರು, ಶುಕ್ರವಾರ ಕೆಂಪು. ಹದಿಮೂರನೇ ವಾರ ಯಂತ್ರ ತಾನೇ ತಾನಾಗಿ ಕೆಂಪು ದೀಪ ಹಚ್ಚಿತು. ಮರುವಾರವೇ ಪ್ರೆಬೆನ್ ಅವಳನ್ನು ಕರೆದ. ಮೇಜಿನ ಮೇಲೆ ಕೇಕು, ಕೇಕಿನ ಪಕ್ಕ ಹುಟ್ಟುಹಬ್ಬಕ್ಕೆ ಇಡುವಂಥ ಪುಟ್ಟ ಬಾವುಟ.

"ನಿನ್ನನ್ನ ಯಾರೂ ತೆಗೀತಿಲ್ಲ ಬೋಡಿಲ್," ಎಂದ. "ನಿನ್ನ ಕೆಲಸ ಅನ್ನೋದೇ ಈಗ ಇಲ್ಲ, ಅಷ್ಟೇ."

ಇಪ್ಪತ್ತಾರು ವರ್ಷಕ್ಕೆ ಒಂದು ತುಂಡು ಕೇಕು. ಅವಳು ಅದನ್ನು ತಿನ್ನಲಿಲ್ಲ.

ಮುಂದಿನ ಶುಕ್ರವಾರ ಬನ್ನು ತರುವ ಸರದಿ ಎಸ್ಕಿಲ್‌ನದು. ಅವನು ತರಲಿಲ್ಲ. ಬೋಡಿಲ್ ಇಲ್ಲದೆ ಆ ಹಲಗೆಯ ಮುಂದೆ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಬೇರೇನು ಮಾಡಲು ಅವರಿಂದಾದೀತು? ಒಪ್ಪಂದದ ಅವಧಿ ಮುಗಿಯುವ ತನಕ ಮುಷ್ಕರ ಕಾನೂನುಬಾಹಿರ. ಬನ್ನು ಬಿಡುವುದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ.

ಆ ಶುಕ್ರವಾರ ಯಂತ್ರ ಹಸಿರಾಗಿಯೇ ಇತ್ತು. ಶನಿವಾರವೂ ಹಸಿರು, ಭಾನುವಾರವೂ ಹಸಿರು. ಪ್ರೆಬೆನ್ ಹಿಗ್ಗಿದ. ತನ್ನ ಯೀಸ್ಟ್ ಕೊನೆಗೂ ಏಳು ದಿನ ನಿಯತ್ತಾಗಿ ದುಡಿಯಿತು ಎಂದು ಮುಖ್ಯ ಕಚೇರಿಗೆ ಬರೆದ. ಸೋಮವಾರ ತೊಟ್ಟಿ ತೆರೆದರೆ ಒಳಗೆ ಒಂದು ಲಕ್ಷ ಲೀಟರು ಹುಳಿ ಗಂಜಿ. ಮುಂದಿನ ವಾರ ಅದೇ, ಅದರ ಮುಂದಿನ ವಾರವೂ ಅದೇ.

ಯಂತ್ರ ಮಾರಿದ ಕಂಪನಿಯಿಂದ ಒಬ್ಬ ಹುಡುಗಿ ಬಂದು ಮೂರು ದಿನ ಪರೀಕ್ಷೆ ಮಾಡಿದಳು. ಮೂರನೇ ದಿನ ಅವಳು ಡಬ್ಬಿಯಿಂದ ತನ್ನ ಊಟದ ರೊಟ್ಟಿ ತೆಗೆದದ್ದೇ ತಡ, ಯಂತ್ರ ಕೆಂಪಗೆ ಉರಿಯಿತು. ರೊಟ್ಟಿ ಮುಚ್ಚಿಟ್ಟಳು, ಹಸಿರಾಯಿತು. ಹಳೆಯ ದಾಖಲೆಗಳನ್ನೆಲ್ಲ ನೋಡಿ, ಶುಕ್ರವಾರಗಳಂದು ಅಲ್ಲಿ ಏನಿರುತ್ತಿತ್ತು ಎಂದು ಕೆಲಸಗಾರರನ್ನು ಕೇಳಿ, ಸಂಕೋಚದಿಂದ ಪ್ರೆಬೆನ್‌ಗೆ ವಿಷಯ ತಿಳಿಸಿದಳು. ಯಂತ್ರ ತೊಟ್ಟಿಯ ವಾಸನೆ ಕಲಿತೇ ಇಲ್ಲ. ಬೋಡಿಲ್ ಕೆಂಪು ಗುಂಡಿ ಒತ್ತಿದಾಗಲೆಲ್ಲ ಹಲಗೆಯ ಮೇಲೆ ಬಿಸಿ ಬನ್ನು ಇತ್ತು. ಅದು ಕಲಿತದ್ದು ಬನ್ನನ್ನು.

ಬೇರೆ ಯಾರಾದರೂ ಆಗಿದ್ದರೆ ಬೋಡಿಲ್‌ಳನ್ನು ಕರೆಸುತ್ತಿದ್ದರು. ಆದರೆ ಅವಳನ್ನು ಕರೆಸಿದರೆ ಯಂತ್ರ ಸುಳ್ಳಾಗುತ್ತದೆ. ಕೈಪಿಡಿಯಲ್ಲಿ ಏಳನ್ನು ಅಳಿಸಿ ಐದು ಎಂದು ಬರೆದರೆ ಪದಕ ಪಡೆದ ಯೀಸ್ಟ್ ಸುಳ್ಳಾಗುತ್ತದೆ. ಪ್ರೆಬೆನ್ ಓದಿದವನು, ಮೂರನೇ ದಾರಿ ಹುಡುಕಿದ. ಶುಕ್ರವಾರ ಬೆಳಿಗ್ಗೆ ಊರಿನ ಬೇಕರಿಯಿಂದ ಕಂಪನಿಯ ಖರ್ಚಿನಲ್ಲಿ ಎರಡು ಬಿಸಿ ಬನ್ನು ಬಂದವು. ಯಾವ ಕೆಲಸಗಾರನೂ ಅವನ್ನು ಹೊರಲು ಒಪ್ಪದ್ದರಿಂದ ಪ್ರೆಬೆನ್ ತಾನೇ ತಟ್ಟೆ ಹಿಡಿದು ಎಂಬತ್ತನಾಲ್ಕು ಮೆಟ್ಟಿಲು ಹತ್ತಿದ. ಯಂತ್ರದ ಮುಂದೆ ಇಟ್ಟು ಚೀಟಿ ಅಂಟಿಸಿದ: ಇದು ಉಪಕರಣದ ಬಳಕೆಗೆ ಮಾತ್ರ, ಸಿಬ್ಬಂದಿ ತಿನ್ನಕೂಡದು. ಯಂತ್ರ ಕೆಂಪಾಯಿತು, ತೊಟ್ಟಿ ಬರಿದಾಯಿತು, ಅತ್ತರು ಉಳಿಯಿತು. ಯಂತ್ರ ತನ್ನನ್ನು ತಾನೇ ತಿದ್ದಿಕೊಂಡಿದೆ ಎಂದು ಮುಖ್ಯ ಕಚೇರಿಗೆ ಪತ್ರ ಹೋಯಿತು.

ಮನುಷ್ಯರಿಗೆ ದಂಡವಾದ ಬನ್ನು ಯಂತ್ರಕ್ಕೆ ನೈವೇದ್ಯವಾಯಿತು. ಕೆಲಸಗಾರರು ಎರಡು ಶುಕ್ರವಾರ ಅದನ್ನು ನೋಡಿದರು. ಹೊಟ್ಟೆ ಉರಿಯುತ್ತಿತ್ತು. ಅದು ಹಸಿವಿನ ಉರಿಯಲ್ಲ.

ಮೂರನೇ ಶುಕ್ರವಾರ ಬೋಡಿಲ್ ತನ್ನ ಕಪಾಟಿನ ಬೀಗದ ಕೈ ಹಿಂತಿರುಗಿಸಲು ಬಂದಳು. ಎಸ್ಕಿಲ್ ಅವಳನ್ನು ಬಾಗಿಲಲ್ಲೇ ತಡೆದು, ಮೇಲೆ ಬಾ, ಒಂದು ತಮಾಷೆ ತೋರಿಸುತ್ತೇನೆ ಎಂದ. ಅವಳು ಕಂಬಿ ಹಿಡಿದು, ಎರಡು ಕಡೆ ನಿಂತು ಸುಧಾರಿಸಿಕೊಂಡು ಹತ್ತಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಆ ಪಾಳಿಯವರೆಲ್ಲ ಹತ್ತಿದರು. ಪ್ರೆಬೆನ್ ಆಗಷ್ಟೇ ತಟ್ಟೆ ಇಟ್ಟು ಇಳಿದುಹೋಗಿದ್ದ.

ಬೋಡಿಲ್ ಚೀಟಿ ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಬಿರಿದ ಬೆರಳಿನಲ್ಲಿ ಬನ್ನೊಂದನ್ನು ಎತ್ತಿಕೊಂಡು ಮುರಿದು ಅರ್ಧ ಎಸ್ಕಿಲ್‌ಗೆ ಕೊಟ್ಟಳು. ಇನ್ನೊಂದು ಬನ್ನು ಕೈಯಿಂದ ಕೈಗೆ ಹೋಗಿ, ಹನ್ನೊಂದು ಜನಕ್ಕೆ ಬೆರಳುಗಾತ್ರದಂತೆ ಬಂತು. ತಟ್ಟೆ ಖಾಲಿಯಾಗುತ್ತಲೇ ಕೆಂಪು ದೀಪ ಆರಿ ಹಸಿರಾಯಿತು.

ದೀಪ ಹಸಿರಾದದ್ದನ್ನು ಕೆಳಗಿನಿಂದಲೇ ಕಂಡು ಪ್ರೆಬೆನ್ ಏದುಸಿರು ಬಿಡುತ್ತಾ ಹತ್ತಿ ಬಂದ.

"ಅದು ಯಂತ್ರದ ಬನ್ನು," ಎಂದ.

"ಗೊತ್ತು," ಎಂದಳು ಬೋಡಿಲ್. "ಉಪ್ಪು ಕಮ್ಮಿ ಆಗಿದೆ."

ಪ್ರೆಬೆನ್ ಹಸಿರು ದೀಪ ನೋಡಿದ, ಅವಳ ಮುಖ ನೋಡಿದ. ಈಗ ತೊಟ್ಟಿಯೊಳಗೆ ಏನು ನಡೆದಿದೆ ಎಂದು ಹೇಳಬಲ್ಲ ಮೂಗು ಅಲ್ಲಿ ಒಂದೇ ಇತ್ತು.

"ನೀನು ಹೇಳು ಬೋಡಿಲ್. ಬರಿದು ಮಾಡಬೇಕಾ? ವಾಸನೆ ಬಂದಿದೆಯಾ?"

ಅವಳು ಕೊಳವೆಯ ಬಾಯಿಗೆ ಮುಖ ಒಡ್ಡಿ ನಿಧಾನವಾಗಿ ಉಸಿರೆಳೆದಳು.

"ಬಂದಿದೆಯೋ ಇಲ್ವೋ, ನಾನು ಹೇಳೋ ಹಾಗಿಲ್ಲಪ್ಪ. ನನ್ನ ಮೂಗು ನಿನ್ನ ಸ್ವತ್ತು ಅಂತ ನೀನೇ ಸಹಿ ಹಾಕಿಸ್ಕೊಂಡಿದೀಯ. ನಿನ್ನ ಸ್ವತ್ತನ್ನ ನೀನೇ ಕೇಳ್ಕೋ."

ಪ್ರೆಬೆನ್ ಎಸ್ಕಿಲ್ ಕಡೆ ತಿರುಗಿ, ಯಾವುದಕ್ಕೂ ಇರಲಿ, ತೊಟ್ಟಿ ಬರಿದು ಮಾಡು ಎಂದ. ಎಸ್ಕಿಲ್ ಮೊದಲು ಬಾಯಲ್ಲಿದ್ದ ತುಂಡನ್ನು ಪೂರ್ತಿ ನುಂಗಿದ.

"ಈಗ ಆಗಲ್ಲ. ನಮ್ಮ ಸಂಘದ ಸಭೆ ಶುರುವಾಗಿದೆ. ಮೊದಲ ವಿಷಯ ಬೋಡಿಲ್‌ದು. ಸಭೆ ಮುಗಿಯೋವರೆಗೂ ಯಾರೂ ನಲ್ಲಿ ಮುಟ್ಟಲ್ಲ."

"ಎಷ್ಟು ಹೊತ್ತಾಗುತ್ತೆ?"

"ಅದನ್ನೂ ಸಭೆನೇ ತೀರ್ಮಾನ ಮಾಡ್ಬೇಕು."

ಅವರು ಹಲಗೆಯ ಸುತ್ತ ಕೂತರು. ಮಂಡಿ ನೀಡಿಕೊಂಡು ಕೂರಲಿಕ್ಕೆ ಬೋಡಿಲ್‌ಗೆ ಮೂಲೆಯ ಜಾಗ ಬಿಟ್ಟುಕೊಟ್ಟರು. ಪ್ರೆಬೆನ್ ಕೆಳಗಿಳಿದು ನಲ್ಲಿಗಳ ಸಾಲಿನ ಮುಂದೆ ಹೋಗಿ ನಿಂತ. ಹದಿನಾಲ್ಕು ನಲ್ಲಿಗಳಿದ್ದವು. ತೊಟ್ಟಿ ಬರಿದು ಮಾಡುವ ನಲ್ಲಿ ಅವುಗಳಲ್ಲಿ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ.

ಹೊತ್ತು ಹೋದಂತೆ ಮೇಲೆ ಕೊಳವೆಯ ಬಾಯಿಂದ ಹುದುಗಿದ ಹಿಟ್ಟಿನ ವಾಸನೆ ದಟ್ಟವಾಗಿ ಬರತೊಡಗಿತು. ಈಗ ಅದು ಎಲ್ಲರ ಮೂಗಿಗೂ ತಿಳಿಯುತ್ತಿತ್ತು. ಒಳಗೆ ಯೀಸ್ಟ್ ಕಂಪನಿಯ ಕೆಲಸ ನಿಲ್ಲಿಸಿ, ತನಗಾಗಿ ತಿನ್ನಲು ಶುರುಮಾಡಿತ್ತು.