ಅರ್ಧ ಹುಟ್ಟಿದ ಹುಳ

ಮಾವ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಮುಖವನ್ನಲ್ಲ, ರೋಮವನ್ನು. ಎದುರಾದವರ ಕಾಲರಿಗೆ ಅಂಟಿದ ಬೆಕ್ಕಿನ ಕೂದಲು, ಹೆಂಗಸರ ಟೋಪಿಯ ಗರಿ, ಪಕ್ಕದ ಮನೆಯ ನಾಯಿಯ ಕಿವಿಯ ಹಿಂದಿನ ಮೃದುವಾದ ತುಪ್ಪಳ, ಇವುಗಳ ಮೇಲೆ ಅವರ ದೃಷ್ಟಿ ಹದ್ದಿನಂತೆ ಎರಗಿ, ಕುಶಲಪ್ರಶ್ನೆ ಮುಗಿಯುವುದರೊಳಗೆ ಜೇಬಿನಿಂದ ಪುಟ್ಟ ಕತ್ತರಿ ಹೊರಬಂದಿರುತ್ತಿತ್ತು. "ಒಂದೇ ಚಿಟಿಕೆ. ನಾಯಿಗೆ ಗೊತ್ತೂ ಆಗಲ್ಲ."

ಈ ಸಂಗ್ರಹವೆಲ್ಲ ಹುಸಿನೊಣಗಳಿಗಾಗಿ. ಗಾಳದ ಮುಳ್ಳಿಗೆ ಗರಿ, ತುಪ್ಪಳ, ದಾರಗಳನ್ನು ಸುತ್ತಿ ಸಾಕ್ಷಾತ್ ಹುಳದಂತೆ ಮಾಡಿ ಮೀನನ್ನು ಮರುಳುಗೊಳಿಸುವ ವಿದ್ಯೆ ಅದು. ಕಟ್ಟಿ ಮುಗಿಸಿದ ನೊಣಗಳನ್ನು ಅವರು ತಮ್ಮ ಕಂದು ಕೋಟಿನ ಎದೆಗೆ ಪದಕಗಳಂತೆ ಚುಚ್ಚಿಕೊಳ್ಳುತ್ತಿದ್ದರು. ಒಮ್ಮೆ ಹಳೆಯ ಗೆಳೆಯನೊಬ್ಬ ಸಂತೋಷ ಉಕ್ಕಿ ತಬ್ಬಿಕೊಂಡು, ಆಮೇಲೆ ಆ ಮುಳ್ಳುಗಳಿಂದ ಬಿಡಿಸಿಕೊಳ್ಳಲಾಗದೆ, ಇಬ್ಬರೂ ನೊಗಕ್ಕೆ ಹೂಡಿದ ಜೋಡಿ ಎತ್ತುಗಳಂತೆ ಕ್ಷೌರಿಕನ ಅಂಗಡಿಯವರೆಗೆ ಅಡ್ಡಡ್ಡ ನಡೆದುಹೋದದ್ದನ್ನು ಇಡೀ ಬೀದಿಯೇ ನಿಂತು ನೋಡಿತ್ತು. ಮಾವನ ನಡಿಗೆಯೂ ವಿಚಿತ್ರವೇ: ಹೊಳೆಯಲ್ಲಿ ಕೊಕ್ಕರೆಯಂತೆ ಹೆಜ್ಜೆ ಎತ್ತಿಡುವ ಅಭ್ಯಾಸ ಒಣಬೀದಿಯಲ್ಲೂ ಬಿಡದೆ, ಮೊಣಕಾಲನ್ನು ಮೇಲಕ್ಕೆತ್ತಿ, ಪಾದವನ್ನು ಸದ್ದಿಲ್ಲದೆ ಇಳಿಸುತ್ತಿದ್ದರು. ಮಾತಿನಲ್ಲಿ ಅವರದೊಂದು ಸೇತುವೆ ಇತ್ತು, 'ಅದಿರಲಿ' ಎಂದು. ರಾಜಕೀಯವಾಗಲಿ, ನೆಗಡಿಯಾಗಲಿ, ನೆಂಟರ ಜಗಳವಾಗಲಿ, ಯಾವ ದಡದಿಂದ ಹೊರಟರೂ ಆ ಸೇತುವೆ ದಾಟಿ ಮೀನಿಗೆ ಬಂದು ಸೇರುತ್ತಿದ್ದರು.

ವೃತ್ತಿಯಿಂದ ಅವರು ಕೃತಕ ದಂತಪಂಕ್ತಿಗಳನ್ನು ತಯಾರಿಸುವವರು. ಊರಿನ ಬಾಯಲ್ಲಿ 'ಹಲ್ಲು ಮೇಸ್ತ್ರಿ'. ನಲವತ್ತು ವರ್ಷ ಊರಿನ ಮುದುಕರ ನಗುವೆಲ್ಲ ಅವರ ಕೈಯಲ್ಲಿ ಅರಳಿದ್ದು. ಅವರ ಹೆಂಡತಿ, ಎಂದರೆ ನನ್ನ ಸೋದರತ್ತೆ, ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ದಾದಿ. ಊರಿನ ಜನ ಹಲ್ಲಿಲ್ಲದೆ ಬರುವಾಗ ಅತ್ತೆಯ ಕೈಗೆ, ಹಲ್ಲಿಲ್ಲದೆ ಹೋಗುವಾಗ ಮಾವನ ಕೈಗೆ ಬೀಳುತ್ತಾರೆ ಎಂಬುದು ಕ್ಷೌರಿಕನ ಖಾಯಂ ಹಾಸ್ಯ.

ಅರವತ್ತೆಂಟರ ವಯಸ್ಸಿನಲ್ಲಿ ಮಾವನ ಬಲಗೈ ನಡುಗತೊಡಗಿತು. ವೈದ್ಯರು ಸೂಕ್ಷ್ಮದ ಕೆಲಸ ಬೇಡವೆಂದರು. ಮಾವ ಕಾರ್ಯಾಗಾರಕ್ಕೆ ಬೀಗ ಹಾಕಿ, ಕೀಲಿಯನ್ನು ಅತ್ತೆಯ ಕೈಗಿತ್ತರು. ಆ ತಿಂಗಳು ನಾನು ಅವರ ಮನೆಯಲ್ಲೇ ಇದ್ದೆ. 'ಅದಿರಲಿ' ಎಂಬ ಪದವನ್ನು ಮನೆಯವರೆಲ್ಲ ಮೂರು ವಾರ ಕೇಳಲಿಲ್ಲ. ಕೇಳದೆ ಹೋದಾಗ ಅದೆಷ್ಟು ಬೇಕಾದ ಪದವೆಂದು ತಿಳಿಯಿತು.

ಮೊದಲ ವಾರದ ಕೊನೆಗೆ ಅವರನ್ನು ಮೇಲೆಬ್ಬಿಸಿದ್ದು ಒಂದು ಮೀನು. ಕಲ್ಲುಸೇತುವೆಯ ಕೆಳಗಿನ ಮಡುವಿನಲ್ಲಿ ಮೊಳಕೈಯುದ್ದದ ಚುಕ್ಕೆಮೀನೊಂದು, ತಾನೂ ಗಾಳ ಹಾಕುತ್ತಿದ್ದ ಕ್ಷೌರಿಕನ ಎರೆಹುಳಗಳನ್ನೆಲ್ಲ ತಿರಸ್ಕರಿಸಿ ಸಂಜೆಯ ಹೊತ್ತು ಆರಾಮಾಗಿ ಮೇಯುತ್ತಿತ್ತು. ಮಾವ ದಡದಲ್ಲಿ ಬೋರಲು ಮಲಗಿ ನಾಲ್ಕು ಸಂಜೆ ನೋಡಿದರು. ವರ್ಷವಿಡೀ ತಳದ ಕಲ್ಲುಗಳ ನಡುವೆ ಬೆಳೆದ ಮರಿಹುಳ ನೀರಿನ ಮೇಲ್ಪದರಕ್ಕೆ ತೇಲಿಬಂದು, ಬೆನ್ನು ಬಿರಿದು, ಹಳೆಯ ಪೊರೆಯಿಂದ ಹೊಸ ರೆಕ್ಕೆಯನ್ನು ಎಳೆದುಕೊಳ್ಳುವ ಅರೆಗಳಿಗೆಯಿದೆಯಲ್ಲ, ಈಜಲೂ ಆಗದ ಹಾರಲೂ ಆಗದ ಆ ತ್ರಿಶಂಕುಸ್ಥಿತಿಯಲ್ಲೇ ಮೀನು ಅದನ್ನು ನುಂಗುತ್ತಿತ್ತು.

"ಹುಳ ಅಲ್ಲ ಕಣಯ್ಯಾ, ಹುಳ ಆಗ್ತಾ ಇರೋದು ಬೇಕು ಅದಕ್ಕೆ!" ಎಂದು ಮನೆಗೆ ಬಂದವರೇ ಅಡುಗೆಮನೆಯ ಮೇಜಿಗೆ ಚಿಮಟವನ್ನು ಬಿಗಿದು ಕೂತರು. ಗಾಳವನ್ನು ಚಿಮಟ ಹಿಡಿದರೂ ದಾರ ಸುತ್ತುವ ಕೈ ನಡುಗಿ ದಾರ ಜಾರುತ್ತಿತ್ತು. ಎಡಗೈಯಿಂದ ಬಲಮಣಿಕಟ್ಟನ್ನು ಒತ್ತಿಹಿಡಿದು, ಉಸಿರು ಕಟ್ಟಿ, ಹನ್ನೊಂದು ದಿನಕ್ಕೆ ಒಂದು ನೊಣವನ್ನು ಕಟ್ಟಿದರು. ರೆಕ್ಕೆಗಳೆರಡೂ ಸರಿಸಮ, ಮೈಯ ಉಂಗುರಗಳು ಎಣಿಸಿದಂತೆ. ಮೀನು ಅದರ ಬಳಿಗೆ ಬಂದು, ಮೂಸಿ, ಬಾಲ ತಿರುಗಿಸಿ ಹೋಯಿತು.

ಆ ಸಂಜೆ ಮಾವ ನೊಣವನ್ನು ಮೇಜಿನ ಮೇಲಿಟ್ಟು, "ಕೈ ಹೋಯ್ತು ಕಣೇ," ಎಂದರು.

ಅತ್ತೆ ಕನ್ನಡಕ ಏರಿಸಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕೈಗೇನಾಗಿದೆ? ಕಣ್ಣು ಸರಿಯಿಲ್ಲ ನಿಮಗೆ. ಇದು ಈಗ ತಾನೇ ಹುಟ್ಟಿದ್ದಾ? ತಲೆ ಬಾಚ್ಕೊಂಡು, ಪೌಡರ್ ಹಾಕ್ಕೊಂಡು ಮದುವೆಗೆ ಹೊರಟ ಹಾಗಿದೆ. ಸಾವಿರಾರು ಹೆರಿಗೆ ಮಾಡ್ಸಿದೀನಿ ರೀ. ಹೊರಗೆ ಬರೋವಾಗ ಯಾರೂ ಚೆಂದ ಇರಲ್ಲ. ಮುದುಡಿರ್ತಾರೆ, ಮೈಗೆಲ್ಲ ಮೆತ್ತಿಕೊಂಡಿರ್ತಾರೆ, ಒಂದು ಕೈ ಒಳಗೆ ಒಂದು ಕೈ ಹೊರಗೆ."

ಮಾವನ ಮುಖ ಅರಳಿತು; ಕುರ್ಚಿಯನ್ನು ಮೇಜಿನ ಬಳಿಗೆ ಎಳೆದುಕೊಂಡರು. ಮೂರು ವಾರಗಳಲ್ಲಿ ಮೊದಲ ಸಲ, "ಅದಿರಲಿ," ಎಂದರು, "ನಿನ್ನ ಹಳೇ ಸ್ಟಾಕಿಂಗ್ ಎಲ್ಲಿದೆ?"

ಸ್ಟಾಕಿಂಗಿನ, ಆ ತೆಳು ಕಾಲುಚೀಲದ, ಕಂದು ಎಳೆಗಳು ಕಳಚಿಕೊಳ್ಳುತ್ತಿರುವ ಪೊರೆಯಾಗಿ ಹಿಂದೆ ಜೋತವು. ನೀರಲ್ಲಿ ನೆನೆಯದ ಬಾತುಕೋಳಿಯ ಬೂದುಗರಿ ಅರೆಬಿಚ್ಚಿದ ರೆಕ್ಕೆಯಾಗಿ ಒಂದೇ ಪಕ್ಕಕ್ಕೆ ವಾಲಿತು. ಕೈ ನಡುಗಿದಷ್ಟೂ ತುಪ್ಪಳ ಕೆದರಿತು, ಕೆದರಿದಷ್ಟೂ ಅತ್ತೆ ತಲೆದೂಗಿದರು. "ಹಾಂ, ಈಗ ನೋವು ಬಂತು ನೋಡಿ." ಮಾವ ಮಣಿಕಟ್ಟನ್ನು ಹಿಡಿಯುವುದನ್ನೇ ಮರೆತಿದ್ದರು. ಕಾಲು ಗಂಟೆಯಲ್ಲಿ ಕಟ್ಟಿ ಮುಗಿದಿತ್ತು.

ಮರುದಿನ ಸಂಜೆ ಮಡುವಿನ ಬಳಿ ನಾನೂ ಕ್ಷೌರಿಕನೂ ಇದ್ದೆವು. ನೊಣ ನೀರಿಗಿಳಿದು, ಅರ್ಧ ಮುಳುಗಿ ಅರ್ಧ ತೇಲಿ ಎರಡು ಮಾರು ದೂರ ಹೋಗಿರಬಹುದು. ನೀರು ಮೆಲ್ಲಗೆ ಉಬ್ಬಿ, ಗಾಳದ ಕೋಲು ಬಿಲ್ಲಾಯಿತು. ಹತ್ತು ನಿಮಿಷದ ಹೋರಾಟದ ಮೇಲೆ ಮೀನನ್ನು ಎರಡೂ ಕೈಯಲ್ಲಿ ನೀರಿನಲ್ಲೇ ಎತ್ತಿಹಿಡಿದ ಮಾವ, ಅದರ ಬಾಯೊಳಗೆ ವೃತ್ತಿಪರವಾಗಿ ಇಣುಕಿ, "ಹಲ್ಲು ಚೆನ್ನಾಗಿದೆ," ಎಂದು ಮುಳ್ಳು ಬಿಡಿಸಿ ಬಿಟ್ಟುಬಿಟ್ಟರು.

"ಬಿಟ್ಟೇ ಬಿಟ್ರಾ!" ಎಂದು ಕ್ಷೌರಿಕ ತಲೆಯ ಮೇಲೆ ಕೈಹೊತ್ತು ಕೂತ. "ಅಯ್ಯೋ, ವಾರಕ್ಕಾಗೋಷ್ಟಿತ್ತಲ್ಲ ಮೇಸ್ತ್ರೀ!"

ಮನೆಯ ಬಾಗಿಲಲ್ಲೇ ಅತ್ತೆ ನಿಂತಿದ್ದರು. "ಏನಾಯ್ತು?"

ಮಾವ ಕೋಟು ಕಳಚುತ್ತ ಗಂಭೀರವಾಗಿ ಹೇಳಿದರು: "ಸುಖಪ್ರಸವ."

ಇಂಥವರೊಡನೆ ಬಾಳುವುದು ಸುಲಭವಲ್ಲ; ಅವರ ಮನೆಯ ಸಾರಿನಲ್ಲಿ ಗರಿಯೂ ದಿಂಬಿನಲ್ಲಿ ಮುಳ್ಳೂ ಸಿಗುವುದುಂಟು. ಒಂದು ಕ್ಷುದ್ರ ಕೀಟದ ಅರೆಗಳಿಗೆಗೆ ತಮ್ಮ ತಿಂಗಳುಗಳನ್ನು ಧಾರೆಯೆರೆಯುವ ಅವರನ್ನು ಲೋಕ ಹುಚ್ಚರೆಂದು ಕರೆದರೆ ಲೋಕದ ತಪ್ಪೂ ಅಲ್ಲ. ಆದರೆ ನಾನು ಕಂಡಂತೆ, ತಮ್ಮ ವಿದ್ಯೆಯಲ್ಲಿ ಸಂಪೂರ್ಣರೆನಿಸಿಕೊಂಡ ಬಹುಮಂದಿ ತಪ್ಪು ತೋರಿಸಿದವರ ಮೇಲೆ ಮುನಿದು ಅಲ್ಲಿಗೇ ನಿಂತುಬಿಡುತ್ತಾರೆ. ತಾವು ಕಟ್ಟಿದ್ದು ಸರಿಯಿಲ್ಲವೆಂದು ತಿಳಿದ ಕ್ಷಣದಲ್ಲಿ ಯಾರ ಮುಖ ಬಾಡದೆ ಅರಳುತ್ತದೋ, ಯಾರು ಬಿಚ್ಚಿ ಮತ್ತೆ ಕಟ್ಟಲು ಉತ್ಸಾಹದಿಂದ ಕುರ್ಚಿ ಎಳೆದುಕೊಳ್ಳುತ್ತಾರೋ, ಅಂಥವರು ವಿರಳ. ಅವರು ಮುದುಕರಾಗುತ್ತಾರೆ, ನಿಜ, ಹಳಬರಾಗುವುದಿಲ್ಲ.