ಹಳೇ ಅಳತೆ

"ಕೆಲಸ ಹುಳಿಮಾವಿನ ಕಂಪನಿಯವರಿಗೇ ಆಯ್ತು ಉಗ್ರಪ್ಪ," ಎನ್ನುತ್ತ ಸಿದ್ದಲಿಂಗಯ್ಯ ಸ್ಕೂಟರಿನಿಂದ ಇಳಿದರು. ಟೆಂಡರ್ ತೆರೆಯುವ ಕೋಣೆಯಲ್ಲಿ ಎರಡು ಗಂಟೆ ಕೂತು ಬಂದಿದ್ದರು. "ಅವರದ್ದು ಕಂಪ್ಯೂಟರ್ ಮಿಷಿನ್ನು. ನಾವು ಒಂದು ಮಾಡೋ ಹೊತ್ತಿಗೆ ಹತ್ತು ಮಾಡ್ತಾರೆ."

ಉಗ್ರಪ್ಪ ಲೇತ್ ನಿಲ್ಲಿಸಿದ. "ನಮ್ಮಷ್ಟು ನಯ ಬರುತ್ತಾ ಸಾರ್?"

"ನಮಗಿಂತ ಚೆನ್ನಾಗೇ ಬರುತ್ತಯ್ಯ. ನಾನೇ ಸ್ಯಾಂಪಲ್ ನೋಡ್ದೆ."

ಜೆ.ಪಿ. ನಗರದ ಸಿದ್ದಲಿಂಗಯ್ಯನವರ ತಗಡಿನ ಶೆಡ್ಡಿನಲ್ಲಿ ಹದಿನಾಲ್ಕು ವರ್ಷದಿಂದ ರಾಕೆಟ್ಟಿನ ಒಂದೇ ಒಂದು ಭಾಗ ತಯಾರಾಗುತ್ತಿತ್ತು: ಅಂಗೈಯಗಲದ ವಾಲ್ವು. ಅದರ ರಂಧ್ರ ಪರೀಕ್ಷಿಸಲು ಬಾಹ್ಯಾಕಾಶ ಇಲಾಖೆಯೇ ಹೆಬ್ಬೆರಳು ದಪ್ಪದ ಉಕ್ಕಿನ ಅಳತೆಗೂಟ, ಗೇಜು, ಕೊಟ್ಟಿತ್ತು. ಅದನ್ನು ರಂಧ್ರದ ಬಾಯಲ್ಲಿಟ್ಟು ಕೈಬಿಡಬೇಕು, ಒತ್ತುವಂತಿಲ್ಲ. ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿದರೆ ಪಾಸು, ದಡಕ್ಕನೆ ಬಿದ್ದರೆ ಗುಜರಿ. ಐದು ವರ್ಷದ ಹಿಂದೆ, ತೊಂಬತ್ನಾಲ್ಕರಲ್ಲಿ, ರಾಕೆಟ್ ಮೇಲೇರಿದ ದಿನ ಇಬ್ಬರೂ ರೇಡಿಯೋ ಮುಂದೆ ನಿಂತಿದ್ದರು. "ನಮ್ಮದು ತೆರ್ಕೊಂತು ಸಾರ್!" ಎಂದು ಉಗ್ರಪ್ಪ ಎಣ್ಣೆಗೈಯಲ್ಲೇ ಅವರನ್ನು ತಬ್ಬಿಕೊಂಡಿದ್ದ. ಅವರ ಅಂಗಿಗೆ ಹತ್ತಿದ ಆ ಕಲೆ ಹೋಗಿರಲೇ ಇಲ್ಲ.

ಇನ್ನು ಆ ಕೆಲಸವಿಲ್ಲ; ಗೇಜನ್ನು ಸೋಮವಾರ ಇಲಾಖೆಗೆ ಹಿಂತಿರುಗಿಸಬೇಕು.

ಅಷ್ಟರಲ್ಲಿ ಗಣೇಶೋತ್ಸವ ಸಮಿತಿಯ ಕಾತ್ಯಾಯಿನಿ ಬಾಗಿಲಲ್ಲಿ ನಿಂತಿದ್ದಳು. "ಅಂಕಲ್, ಮೂರನೇ ವರ್ಷ ಕೇಳ್ತಿದ್ದೀನಿ. ಮಕ್ಕಳು ಕೂತು ಸುತ್ತೋ ರಾಕೆಟ್ ಒಂದು ಮಾಡ್ಕೊಡಿ. ಹಿಂದಿನ ರೋಡಿನವರು ಚಂದ್ರಲೋಕ ಮಾಡಿ ನಮ್ಮ ಜನಾನೆಲ್ಲ ಎಳ್ಕೊಂಡ್ಬಿಟ್ರು. ಈ ಸಲಾನೂ 'ನಾವು ನಿಜವಾದ ರಾಕೆಟ್ ಮಾಡೋರು' ಅಂತ ಕಳಿಸ್ಬೇಡಿ."

ಸಿದ್ದಲಿಂಗಯ್ಯ ಗೇಜಿನ ಡಬ್ಬಿಯನ್ನೇ ನೋಡುತ್ತಿದ್ದರು. "ಎಷ್ಟು ಮಕ್ಕಳಮ್ಮ?"

"ಆರು. ಪೆಂಡಾಲಲ್ಲಿ ಗಣೇಶನ ಹೊಟ್ಟೆ ಅಡ್ಡ ಬರದಿದ್ರೆ ಏಳು."

ಶನಿವಾರ ಮಧ್ಯಾಹ್ನದ ಹೊತ್ತಿಗೆ ತಗಡಿನ ರಾಕೆಟ್ ನಿಂತಿತ್ತು. ಅದು ಸುತ್ತಬೇಕಾದ ಕಂಬದ ತುದಿಗೆ ತೊಡಿಸುವ ಲೋಹದ ಬಳೆ, ಬುಷ್ಷು, ಮಾತ್ರ ಬಾಕಿ.

"ರಂಧ್ರ ಯಾವ ಅಳತೆ ಸಾರ್? ಡ್ರಾಯಿಂಗೇ ಇಲ್ವಲ್ಲ."

"ನಮ್ಮ ಹಳೇದೇ ಇಡು."

ಉಗ್ರಪ್ಪ ನಕ್ಕ. "ಗಣೇಶನ ಆಟಕ್ಕೆ ಅಷ್ಟೊಂದು ನಯಾನಾ?"

"ಮಕ್ಕಳು ಕೂರ್ತಾರಲ್ಲಯ್ಯ. ಆ ವಾಲ್ವಲ್ಲಿ ಯಾರು ಕೂತಿದ್ರು?"

ಉಗ್ರಪ್ಪ ಲೇತಿನ ಕಡೆ ತಿರುಗಿದ. ಬುಷ್ಷು ಲೇತಿನಿಂದ ಇಳಿಯುವಾಗ ಸಂಜೆಯಾಗಿತ್ತು. ಅವನು ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮೇಜಿನ ಮೇಲಿಟ್ಟ. ಸಿದ್ದಲಿಂಗಯ್ಯ ಡಬ್ಬಿಯಿಂದ ಗೇಜು ತೆಗೆದು, ರಂಧ್ರದ ಬಾಯಲ್ಲಿ ನಿಲ್ಲಿಸಿ, ಕೈಬಿಟ್ಟರು.

ಇಬ್ಬರೂ ಬಗ್ಗಿ ನಿಂತರು. ಒಂದು ಕ್ಷಣ ಅದು ಕದಲಲಿಲ್ಲ. ಆಮೇಲೆ, ನೀರಿಗಿಳಿಯುವ ಮುದುಕನ ಹಾಗೆ, ಮೆಲ್ಲಗೆ ಇಳಿಯತೊಡಗಿತು.