ಹೊರಕ್ಕೆ ಹೋದ ಬಾಣ

ಫಿಸಿಕ್ಸ್ ಮೇಡಂ ರಸ್ತೆ ಕಚೇರಿಯ ಮೆಟ್ಟಿಲು ಹತ್ತಿ ಬಂದದ್ದೇ ಇಂಜಿನಿಯರ್ ಎದ್ದು ನಿಂತ. ತನ್ನ ಮೆತ್ತನೆ ಕುರ್ಚಿಯನ್ನೇ ಎಳೆದುಕೊಟ್ಟ. ಫ್ಯಾನಿನ ಗಾಳಿ ಅವರ ಮುಖಕ್ಕೆ ಬಡಿಯದ ಹಾಗೆ ತಿರುಗಿಸಿದ. ಮೂವತ್ತು ವರ್ಷದ ಹಿಂದೆ ಅವರ ತರಗತಿಯಲ್ಲೂ ಹೀಗೇ, ಬೋರ್ಡ್ ಒರೆಸಲು ಎಲ್ಲರಿಗಿಂತ ಮೊದಲು ಏಳುತ್ತಿದ್ದ. ಅವನಿಗೆ ಡಸ್ಟರ್ ಎಂದೇ ಹೆಸರು ಬಿದ್ದಿತ್ತು.

"ನಿಮ್ಮ ತಮ್ಮ ಹೇಗಿದ್ದಾರೆ ಮೇಡಂ?"

"ಎರಡೂ ಕೈಗೆ ಪ್ಲಾಸ್ಟರು. ಮೂಗು ತುರಿಸಿದರೂ ಅಕ್ಕಾ ಅಂತ ಕೂಗಬೇಕು. ಅದಕ್ಕೇ ಅವನ ಸಹಿ ನನ್ನ ತಲೆಗೆ ಬಂತು."

ಈ ಇಂಜಿನಿಯರ್ ಮಾಡಿಸಿದ ಹೊಸ ರಸ್ತೆಯ ತಿರುವಿನಲ್ಲಿ ತಮ್ಮ ಓಡಿಸುತ್ತಿದ್ದ ಬಸ್ಸು ಜಾರಿ ಹಳ್ಳಕ್ಕೆ ಬಿದ್ದಿತ್ತು. ಪುಣ್ಯಕ್ಕೆ ಖಾಲಿ ಬಸ್ಸು. ಅಪಘಾತದ ಬಗ್ಗೆ ಇಂಜಿನಿಯರ್ ಬರೆದ ವರದಿಗೆ ಒಪ್ಪಿ ಸಹಿ ಹಾಕಿದರೆ ಅವನ ಲೈಸೆನ್ಸ್ ಹೋಗುತ್ತದೆ. ಸ್ಟೀರಿಂಗ್ ಹಿಡಿಯುವುದು ಬಿಟ್ಟು ಅವನಿಗೆ ಬೇರೆ ಕೆಲಸ ಗೊತ್ತಿಲ್ಲ.

ಮೇಡಂ ಕನ್ನಡಕ ಹಾಕಿಕೊಂಡು ಓದಿದರು: "ಅತಿವೇಗದ ಕಾರಣ ಹೊರಮುಖ ಬಲವು ಬಸ್ಸನ್ನು ಎಸೆದಿದೆ." ಪಕ್ಕದಲ್ಲಿ ಚಿತ್ರ. ಬಾಣ ಹಳ್ಳದ ಕಡೆಗಿತ್ತು.

"ಇದು ಯಾವ ಬಲವಪ್ಪಾ? ಬಸ್ಸನ್ನ ತಳ್ಳಿದವರು ಯಾರು?"

"ತಿರುವಿನಲ್ಲಿ ಹೊರಗೆ ಎಳೆಯುತ್ತಲ್ಲ ಮೇಡಂ..."

"ಯಾರೂ ಎಳೆಯಲ್ಲ. ಬಸ್ಸು ತನ್ನ ಪಾಡಿಗೆ ನೇರ ಹೋಗುತ್ತೆ. ತಿರುಗಬೇಕಾದರೆ ರಸ್ತೆ ಅದನ್ನ ಒಳಕ್ಕೆ ತಳ್ಳಬೇಕು. ಹೊರಗಿನ ಅಂಚು ಎತ್ತರ ಮಾಡಿದೀಯಾ?"

"ಇಲ್ಲ. ನೀರು ಹರಿದುಹೋಗಲಿ ಅಂತ ಹಳ್ಳದ ಕಡೆಗೇ ಇಳಿಜಾರು ಕೊಟ್ಟೆ."

"ಸರಿಹೋಯ್ತು. ನೀರಿನ ಜೊತೆ ನನ್ನ ತಮ್ಮನೂ ಹರಿದುಹೋದ. ಮೂವತ್ತರ ಮೇಲೆ ಹೋಗಿಲ್ಲ ಅಂತ ಆಣೆ ಹಾಕ್ತಾನೆ ಅವನು."

ಇಂಜಿನಿಯರ್ ತಬ್ಬಿಬ್ಬಾದ. "ಪರೀಕ್ಷೇಲೂ ನಾನು ಇದೇ ಬರೆದಿದ್ದೆ ಮೇಡಂ. ನೀವು ಮಾರ್ಕ್ಸ್ ಕೊಟ್ಟಿದ್ದಿರಿ." ಆ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ಅವರಿಗೆ ನೆನಪಾಯಿತು. ವೃತ್ತ ದುಂಡಗಿತ್ತು, ಬಾಣ ಮಾತ್ರ ಹೊರಕ್ಕೆ. ಎರಡು ಅಂಕ ಸಾಲದೆ ಹುಡುಗ ಫೇಲಾಗುತ್ತಿದ್ದ. ಅಕ್ಷರ ಮುದ್ದಾಗಿದೆ, ಪಾಪ, ಬೋರ್ಡ್ ಒರೆಸುತ್ತಾನೆ ಎಂದುಕೊಂಡು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದು ಇದೇ ಕೈ.

ಮೇಡಂ ಪೆನ್ನು ತೆಗೆದು ಬಾಣವನ್ನು ಹೊಡೆದುಹಾಕಿದರು. ಒಳಮುಖವಾಗಿ ಇನ್ನೊಂದು ಬರೆದರು. ಕೆಳಗೆ "ಒಪ್ಪಿಗೆಯಿಲ್ಲ, ರಸ್ತೆಯ ಇಳಿಜಾರು ಅಳೆಯಿರಿ" ಎಂದು ಬರೆದು ಸಹಿ ಹಾಕಿದರು.

"ನನ್ನ ಕೆಲಸ ಹೋಗುತ್ತೆ ಮೇಡಂ."

"ಅವತ್ತೇ ಆ ಎರಡು ಅಂಕ ಹೋಗಿದ್ದರೆ ಸಾಕಿತ್ತು ಕಣಪ್ಪಾ."

ಆದರೂ ಅವನು ಮೆಟ್ಟಿಲ ತನಕ ಬಂದ. ಅವರ ಮೊಣಕೈ ಹಿಡಿದು, ಒಂದೊಂದೇ ಮೆಟ್ಟಿಲು ಹೇಳುತ್ತಾ ಜೋಪಾನವಾಗಿ ಇಳಿಸಿದ. ಕೈ ಕೊಡವಿಕೊಳ್ಳಬೇಕು ಎನ್ನಿಸಿತು ಅವರಿಗೆ. ಆದರೂ ಅವನು ಹೇಳಿದ ಮೆಟ್ಟಿಲಿಗೇ ಕಾಲಿಡುತ್ತಾ ಇಳಿದರು.